ಕ್ಯಾಂಪರ್ ವ್ಯಾನಿಗೆ ಯಾವ ಜಿಪಿಎಸ್ ತಗೊಳ್ಳುವುದು? ಎತ್ತರ 2.9 ಮೀಟರ್, ಊರು ಕಾಸರಗೋಡಿನ ಬದಿಯಡ್ಕ

ಬದಿಯಡ್ಕ ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ನಿವೃತ್ತಿಯಾದ ಮೇಲೆ ನಾನೂ ನಮ್ಮ ಮನೆಯವರೂ ಸೇರಿ ಒಂದು ಹುಚ್ಚು ಕೆಲಸ ಮಾಡಿದ್ದೇವೆ. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಹಾಕಿಸಿ ಕ್ಯಾಂಪರ್ ಮಾಡಿದೆವು. ಆರ್‌ಸಿಯಲ್ಲಿ ಮೋಟಾರ್ ಕಾರವಾನ್ ಎಂದು ಬದಲಾಗುವಷ್ಟರಲ್ಲಿ ಚಪ್ಪಲಿ ಸವೆಯಿತು, ಆ ಕತೆ ಬೇರೆ ದಿನ ಹೇಳುತ್ತೇನೆ. ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಉಂಟು, ಗಾಳಿಯ ಫ್ಯಾನ್ ಉಂಟು.

ಕಳೆದ ತಿಂಗಳು ವಿಟ್ಲದ ಹತ್ತಿರ ಒಂದು ಪೂಜೆಗೆ ಹೊರಟಿದ್ದೆವು. ಪೆರ್ಲ ದಾಟಿದ ಮೇಲೆ ಮೊಬೈಲಿನ ನಕ್ಷೆ ನಾಲ್ಕು ನಿಮಿಷ ಉಳಿಯುತ್ತದೆ ಎಂದು ಒಳದಾರಿಗೆ ಇಳಿಸಿತು. ಮೊದಲು ಡಾಮರು. ಆಮೇಲೆ ಕಾಂಕ್ರೀಟು. ಆಮೇಲೆ ಚಕ್ರಕ್ಕೆ ಮಾತ್ರ ಎರಡು ಪಟ್ಟಿ ಕಾಂಕ್ರೀಟು, ನಡುವೆ ಹುಲ್ಲು. ಕೊನೆಗೆ ಯಾರದೋ ಅಡಿಕೆ ತೋಟದ ಗೇಟು. ತಿರುಗಿಸಲು ಜಾಗ ಇಲ್ಲ. ಅರ್ಧ ಕಿಲೋಮೀಟರ್ ರಿವರ್ಸ್ ಬಂದೆ. ಮನೆಯವರು ಹಿಂದೆ ನಿಂತು ‘ಬನ್ನಿ ಬನ್ನಿ, ನಿಲ್ಲಿ ನಿಲ್ಲಿ’ ಎಂದು ಕೂಗಿ ಕೂಗಿ ಗಂಟಲು ಕೂತಿತು. ಒಂದು ತೆಂಗಿನ ಮಡಲು ಪ್ಯಾನೆಲಿನ ಮೂಲೆ ಕೆರೆದು ಹಾಕಿತು. ಪೂಜೆಗೆ ಹೋಗುವಾಗ ಊಟದ ಕೊನೆಯ ಪಂಕ್ತಿ.

ಕ್ಯಾಂಪರಿಗೆಂದೇ ಬೇರೆ ಜಿಪಿಎಸ್ ಸಿಗುತ್ತದಂತೆ, ಗಾಡಿಯ ಎತ್ತರ ಅಗಲ ಹೇಳಿಕೊಟ್ಟರೆ ಅದಕ್ಕೆ ಸರಿಯಾದ ದಾರಿ ತೋರಿಸುತ್ತದಂತೆ. ಅದನ್ನೇ ತಗೊಳ್ಳಬೇಕಾ? ಟ್ಯಾಬ್ ಸಾಕಾ? ಬಜೆಟ್ 25 ಸಾವಿರ. ಪೇಟೆಯ ಒಂದು ಅಂಗಡಿಯಲ್ಲಿ ‘ಜಿಪಿಎಸ್ ಉಂಟಾ’ ಎಂದು ಕೇಳಿದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ ತೋರಿಸಿದರು. ಅದಕ್ಕೆ ಸ್ಕ್ರೀನೇ ಇಲ್ಲ!

ವೈರಿಂಗ್ ಅಣ್ಣ:

ಮಾಷ್ಟ್ರೇ, ಅದು ಟ್ರ್ಯಾಕರ್. ಗಾಡಿ ಎಲ್ಲಿ ಉಂಟು ಎಂದು ಬೇರೆಯವರಿಗೆ ಹೇಳುವ ಡಬ್ಬಿ. ನಿಮಗೆ ದಾರಿ ಹೇಳುವುದಿಲ್ಲ. ಬಸ್ಸು, ಟ್ಯಾಕ್ಸಿಗಳಿಗೆ ಎಐಎಸ್-140 ಎಂಬ ಮಾನದಂಡದ ಪ್ರಕಾರ ಹಾಕುವುದು ಆ ಜಾತಿಯದ್ದು, ಪ್ಯಾನಿಕ್ ಬಟನ್ ಸಮೇತ. ನಮ್ಮ ಕಡೆ ಜಿಪಿಎಸ್ ಎಂದರೆ ಈಗ ಅದೇ ಅರ್ಥ. ನೀವು ‘ನ್ಯಾವಿಗೇಶನ್’ ಎಂದು ಕೇಳಬೇಕಿತ್ತು. ಆಗ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ ತೋರಿಸುತ್ತಿದ್ದರು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಒಂದು ಗಾಡಿ ಬಿಚ್ಚಿಟ್ಟು ಕೂತಿದ್ದೇನೆ.

ಫ್ರಾಂಕ್‌ಫರ್ಟಿನ ಕುಂಬಳೆಯವ:

ನಾನು ಜರ್ಮನಿಯಲ್ಲಿ ಇದ್ದೇನೆ. ಇಲ್ಲಿ ಬಾಡಿಗೆ ಮೋಟರ್‌ಹೋಮ್ ತಗೊಂಡು ನಾಲ್ಕೈದು ಸಲ ಸುತ್ತಿದ್ದೇನೆ. ನನ್ನ ಪ್ರಕಾರ ಕ್ಯಾಂಪರ್ ಜಿಪಿಎಸ್ ಇಲ್ಲದೆ ದೊಡ್ಡ ಗಾಡಿ ಹೊರಗೆ ತೆಗೆಯಲೇ ಬಾರದು. ಗಾರ್ಮಿನ್‌ನ ಕ್ಯಾಂಪರ್ ಸರಣಿ ಉಂಟು, ಟಾಮ್‌ಟಾಮ್‌ನ ಗೋ ಕ್ಯಾಂಪರ್ ಉಂಟು. ಗಾರ್ಮಿನ್ 890ಕ್ಕೆ 8 ಇಂಚಿನ ಸ್ಕ್ರೀನ್. ಆನ್ ಮಾಡಿದ ಕೂಡಲೇ ಗಾಡಿ ಯಾವುದು ಎಂದು ಕೇಳುತ್ತದೆ. ಉದ್ದ, ಅಗಲ, ಎತ್ತರ, ತೂಕ ಕೊಟ್ಟರೆ ತಗ್ಗಿನ ಸೇತುವೆ, ತೂಕದ ಮಿತಿ ಇರುವ ರಸ್ತೆ ಎಲ್ಲ ಬಿಟ್ಟು ದಾರಿ ಹಾಕುತ್ತದೆ. ಮುಂದೆ ಕಡಿದಾದ ತಿರುವು ಉಂಟು, ಇಳಿಜಾರು ಉಂಟು ಎಂದು ಮೊದಲೇ ಹೇಳುತ್ತದೆ. ರಾತ್ರಿ ಗಾಡಿ ನಿಲ್ಲಿಸುವ ಜಾಗಗಳ ಪಟ್ಟಿಯೂ ಒಳಗೇ ಇರುತ್ತದೆ.

ಇಲ್ಲಿ ತೂಕ ದೊಡ್ಡ ವಿಷಯ. 3.5 ಟನ್ ದಾಟಿದರೆ ಕಾರಿನ ಲೈಸೆನ್ಸ್ ಸಾಕಾಗುವುದಿಲ್ಲ. ಆಸ್ಟ್ರಿಯಾಕ್ಕೆ ಹೋದರೆ ಗಾಜಿಗೆ ಅಂಟಿಸುವ ಟೋಲ್ ಚೀಟಿ ನಡೆಯುವುದಿಲ್ಲ, ಬೇರೆ ಪೆಟ್ಟಿಗೆ ಹಾಕಬೇಕು. ಮಾಷ್ಟ್ರೇ, ನಾನು ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ಬೇಕಾದರೆ ಒಂದು ತರುತ್ತೇನೆ.

ಉಪ್ಪಳ ಲಾರಿ:

ತನ್ನಿ ತನ್ನಿ. ಅಡಿಕೆ ತೋಟದ ಗೇಟು ಎಲ್ಲುಂಟು ಎಂದು ಅದು ಜರ್ಮನ್ ಭಾಷೆಯಲ್ಲಿ ಹೇಳಲಿ.

ಸುಮ್ನೆ ತಮಾಷೆ ಮಾಡಿದೆ ಅಣ್ಣ, ಬೇಸರ ಬೇಡ. ಇಪ್ಪತ್ತು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ನನ್ನ ಜಿಪಿಎಸ್ ಎಂದರೆ ಚಹಾದ ಅಂಗಡಿ. ಗಾಡಿ ಮುಖ್ಯ ರಸ್ತೆಯಿಂದ ಇಳಿಸುವ ಮೊದಲು ಒಂದು ಚಹಾ ಕುಡಿಯಿರಿ. ‘ಈ ದಾರಿಯಲ್ಲಿ ಬಸ್ಸು ಹೋಗುತ್ತದಾ’ ಎಂದು ಕೇಳಿ. ‘ಗಾಡಿ ಹೋಗುತ್ತದಾ’ ಎಂದು ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ಹೋಗುತ್ತದೆ ಎಂದೇ ಹೇಳುತ್ತಾರೆ, ಅವರ ತಲೆಯಲ್ಲಿ ಇರುವ ಗಾಡಿ ಎಂದರೆ ರಿಕ್ಷಾ. ಬಸ್ಸು ಹೋಗುವ ದಾರಿಯಲ್ಲಿ ನಿಮ್ಮ ಟ್ರಾವೆಲರ್ ಕಣ್ಣು ಮುಚ್ಚಿಕೊಂಡು ಹೋಗುತ್ತದೆ.

ಪೆರ್ಲದ ಅಕ್ಕ:

ಉಪ್ಪಳದಣ್ಣ, ರಾತ್ರಿ ಹನ್ನೊಂದು ಗಂಟೆಗೆ ಜಡಿಮಳೆಯಲ್ಲಿ ಚಹಾದ ಅಂಗಡಿ ಎಲ್ಲಿ ತೆರೆದಿರುತ್ತದೆ? 2024ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಪಳ್ಳಂಜಿಯಲ್ಲಿ ಇಬ್ಬರು ಹುಡುಗರ ಕಾರು ಹೊಳೆಗೆ ಬಿದ್ದದ್ದು ನೆನಪುಂಟಲ್ಲ? ಕರ್ನಾಟಕದ ಆಸ್ಪತ್ರೆಗೆಂದು ನಸುಕಿಗೆ ಹೊರಟವರು. ನಕ್ಷೆ ತೋರಿಸಿದ ದಾರಿಯಲ್ಲೇ ಹೋದರು. ತಡೆಗೋಡೆ ಇಲ್ಲದ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ಕತ್ತಲಲ್ಲಿ ಅದು ಹೊಳೆ ಎಂದೇ ಗೊತ್ತಾಗಲಿಲ್ಲ. ಕಾರು ಮರಕ್ಕೆ ಸಿಕ್ಕಿಹಾಕಿಕೊಂಡದ್ದರಿಂದ ಬದುಕಿದರು, ಅಗ್ನಿಶಾಮಕದವರು ಬಂದು ಎತ್ತಿದರು. ಆ ಹೊತ್ತಿಗೆ ಕೇಳಲು ಅಲ್ಲಿ ಯಾರಿದ್ದರು?

ಮಾಷ್ಟ್ರೇ, ನಿಮ್ಮ ಒಳದಾರಿ ಯಾವುದು ಎಂದು ನನಗೆ ಗೊತ್ತು. ಅಲ್ಲಿ ನೆಂಟರ ಕಾರು ಎರಡು ಸಲ ಸಿಕ್ಕಿಬಿದ್ದಿದೆ.

ನಕ್ಷೆ ಹುಳ:

ಎಲ್ಲರೂ ಡಬ್ಬಿಯ ಬಗ್ಗೆ ಮಾತಾಡುತ್ತಿದ್ದೀರಿ. ಡಬ್ಬಿಯ ಒಳಗಿನ ನಕ್ಷೆಯ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಉಪಗ್ರಹ ನಿಮಗೆ ದಾರಿ ತೋರಿಸುವುದಿಲ್ಲ. ಅದು ಗಡಿಯಾರದ ಸಮಯ ಮತ್ತು ತಾನು ಎಲ್ಲಿದ್ದೇನೆ ಎಂದು ಹೇಳುತ್ತದೆ, ಅಷ್ಟೇ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡು ನೀವು ಎಲ್ಲಿದ್ದೀರಿ ಎಂದು ಲೆಕ್ಕ ಹಾಕುವುದು ಕೈಯಲ್ಲಿರುವ ಸಾಧನ. 10 ಸಾವಿರದ ಮೊಬೈಲು ಕೂಡ ಇಷ್ಟನ್ನು ಚೆನ್ನಾಗಿ ಮಾಡುತ್ತದೆ. ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ‘ಈ ಸೇತುವೆಯ ಕೆಳಗೆ 2.9 ಮೀಟರ್ ಗಾಡಿ ಹಿಡಿಸುತ್ತದಾ’ ಎಂಬುದು ಆಕಾಶದಿಂದ ಬರುವ ಮಾಹಿತಿಯಲ್ಲ. ಯಾರೋ ಒಬ್ಬರು ಅಲ್ಲಿ ಹೋಗಿ, ಬೋರ್ಡು ಓದಿ, ನಕ್ಷೆಯಲ್ಲಿ ಬರೆದಿರಬೇಕು.

ಯುರೋಪಿನಲ್ಲಿ ಬರೆದಿದ್ದಾರೆ. ಹಾಗಾಗಿ ಕುಂಬಳೆಯಣ್ಣ ಹೇಳಿದ್ದು ಅವರ ಊರಿಗೆ ನೂರಕ್ಕೆ ನೂರು ಸರಿ. ನಮ್ಮ ಕಡೆ ಹೆಚ್ಚಿನ ಕಡೆ ಯಾರೂ ಬರೆದಿಲ್ಲ. ಬರೆಯದಿದ್ದರೆ ಸಾಧನ ಏನು ತಿಳಿಯುತ್ತದೆ ಗೊತ್ತಾ? ‘ಅಡ್ಡಿ ಇಲ್ಲ’ ಎಂದು! ಖಾಲಿ ಜಾಗವನ್ನು ಅದು ಹಸಿರು ನಿಶಾನೆ ಎಂದೇ ಓದುತ್ತದೆ. 60 ಸಾವಿರದ ಡಬ್ಬಿ ಇದ್ದರೂ ಅದೇ ತೋಟದ ಗೇಟಿಗೆ ತಂದು ನಿಲ್ಲಿಸುತ್ತದೆ. ಇನ್ನೊಂದು ವಿಷಯ, ಅಲ್ಲಿ ಕೊಂಡ ಕ್ಯಾಂಪರ್ ಜಿಪಿಎಸ್‌ನಲ್ಲಿ ಇರುವುದು ಯುರೋಪಿನ ನಕ್ಷೆ. ಭಾರತದ್ದನ್ನು ಬೇರೆ ಹಾಕಿಸಿಕೊಳ್ಳಬೇಕು, ಹಾಕಿಸಿದರೂ ಎತ್ತರದ ಮಾಹಿತಿ ಅದರ ಜೊತೆ ಬರುತ್ತದೆ ಎಂದು ನಂಬಿ ದುಡ್ಡು ಹಾಕಬೇಡಿ.

ಫ್ರಾಂಕ್‌ಫರ್ಟಿನ ಕುಂಬಳೆಯವ:

ಇದನ್ನು ನಾನು ಯೋಚನೆ ಮಾಡಿರಲಿಲ್ಲ. ಒಪ್ಪಿದೆ. ಆದರೂ ಬೇರೆಯೇ ಒಂದು ಸಾಧನ ಇರುವುದರಲ್ಲಿ ಒಂದು ಸುಖ ಉಂಟು. ಮೊಬೈಲಿನಲ್ಲಿ ದಾರಿ ನೋಡುವಾಗ ಕುಟುಂಬದ ವಾಟ್ಸಾಪ್ ಗ್ರೂಪಿನಿಂದ ಗುಡ್ ಮಾರ್ನಿಂಗ್ ಹೂವು ಬಂದು ತಿರುವಿನ ಮೇಲೆ ಕೂರುತ್ತದಲ್ಲ, ಅದಿಲ್ಲ.

ಬದಿಯಡ್ಕ ಮಾಷ್ಟ್ರು:

ಹೌದು, ನನ್ನ ಅಣ್ಣ ದಿನಾ ಕಳಿಸುತ್ತಾನೆ.

ನಕ್ಷೆ ಹುಳ, ನೀವು ಹೇಳಿದ್ದು ಅರ್ಥವಾಯಿತು. ಹಾಗಾದರೆ ಎತ್ತರ ಕೊಡುವ ಸೌಲಭ್ಯವೇ ಬೇಡವಾ? ಇನ್ನೊಂದು ದಡ್ಡ ಪ್ರಶ್ನೆ. ಸಿಗ್ನಲ್ ಇಲ್ಲದ ಕಡೆ ಎಂತ ಮಾಡುವುದು? ಆದೂರಿನಿಂದ ಮುಂದೆ ಕಾಡಿನಲ್ಲಿ ನನ್ನ ಮೊಬೈಲಿಗೆ ಒಂದು ಕಡ್ಡಿಯೂ ಬರುವುದಿಲ್ಲ.

ನಕ್ಷೆ ಹುಳ:

ದಡ್ಡ ಪ್ರಶ್ನೆ ಅಲ್ಲ, ನೂರರಲ್ಲಿ ತೊಂಬತ್ತು ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಮೊಬೈಲ್ ಟವರ್ ಬೇರೆ, ಉಪಗ್ರಹ ಬೇರೆ. ಸಿಮ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಟವರ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಲು. ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ಮುಗಿಯಿತು. ಮನೆಯ ಅಂಗಳದಲ್ಲಿ ಸಿಗ್ನಲ್ ಇರುವಾಗಲೇ ಒಮ್ಮೆ ಆ್ಯಪ್ ತೆರೆದು ನೀಲಿ ಚುಕ್ಕೆ ಕೂರುವವರೆಗೆ ಕಾಯಿರಿ. ಉಪಗ್ರಹಗಳು ಎಲ್ಲೆಲ್ಲಿವೆ ಎಂಬ ಪಂಚಾಂಗವನ್ನು ಮೊಬೈಲು ನೆಟ್‌ನಿಂದ ಬೇಗ ತಗೊಳ್ಳುತ್ತದೆ. ನೆಟ್ ಇಲ್ಲದೆ ಪೂರ್ತಿ ಪಂಚಾಂಗವನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಮಳೆಯಿಂದ ಸಿಗ್ನಲಿಗೆ ಹೇಳುವಂಥ ತೊಂದರೆ ಇಲ್ಲ. ದಟ್ಟ ಮರ, ಗುಡ್ಡದ ಸಂದಿಯಿಂದ ಉಂಟು.

ಎತ್ತರ ಕೊಡುವ ಸೌಲಭ್ಯ ಬೇಕು, ಅದಕ್ಕೆ ಡಬ್ಬಿ ಬೇಡ. ಓಸ್ಮ್‌ಆ್ಯಂಡ್ ಎಂಬ ಆ್ಯಪ್ ಉಂಟು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜನರೇ ಬರೆಯುವ ನಕ್ಷೆಯನ್ನು ಬಳಸುತ್ತದೆ. ಅದರಲ್ಲಿ ಗಾಡಿಯ ಎತ್ತರ, ಅಗಲ, ತೂಕ ಹಾಕಬಹುದು. ಪೂರ್ತಿ ಆಫ್‌ಲೈನ್. ನಕ್ಷೆ ರಾಜ್ಯವಾರು ಇಳಿಸಬೇಕು. ನಾವು ಗಡಿಯವರು, ಕೇರಳ ಕರ್ನಾಟಕ ಎರಡೂ ಇಳಿಸಿಕೊಳ್ಳಿ. ಒಂದೇ ಇಳಿಸಿದರೆ ಅಡ್ಯನಡ್ಕದ ಹತ್ತಿರ ರಸ್ತೆ ಆಕಾಶಕ್ಕೆ ಹೋದ ಹಾಗೆ ನಿಂತುಬಿಡುತ್ತದೆ. ಉಚಿತ ಆವೃತ್ತಿಯಲ್ಲಿ ಏಳು ನಕ್ಷೆ ಸಿಗುತ್ತದೆ, ದಕ್ಷಿಣ ಭಾರತ ಸುತ್ತಲು ಅಷ್ಟು ಸಾಕು. ಸಿಜಿಕ್ ಎಂಬ ಆ್ಯಪಿನ ಲಾರಿ ಆವೃತ್ತಿಯಲ್ಲೂ ಅಳತೆ ಹಾಕಬಹುದು, ಅದಕ್ಕೆ ದುಡ್ಡು ಕೊಡಬೇಕು. ಆರ್ಗ್ಯಾನಿಕ್ ಮ್ಯಾಪ್ಸ್ ಹಗುರ, ಚಂದ, ಆದರೆ ಗಾಡಿಯ ಅಳತೆ ಕೇಳುವುದಿಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ ಎತ್ತರ ಹಾಕುವ ಜಾಗವೇ ಇಲ್ಲ. 2024ರಲ್ಲಿ ಕಾರಿನವರಿಗೆ ಇಕ್ಕಟ್ಟಿನ ರಸ್ತೆ ತಪ್ಪಿಸುವ ವ್ಯವಸ್ಥೆ ತಂದರು, ಅದು ಬೆಂಗಳೂರು, ಚೆನ್ನೈ, ಕೊಯಮತ್ತೂರಿನಂಥ ಎಂಟು ನಗರಗಳಿಂದ ಶುರುವಾದದ್ದು. ಪೆರ್ಲದ ಎಣ್ಮಕಜೆ ಪಂಚಾಯತ್ ಆ ಪಟ್ಟಿಯಲ್ಲಿ ಇರಲಿಲ್ಲ.

ಮಡಿಕೇರಿ99:

ನಮ್ಮ ದೇಶದ್ದೇ ಮ್ಯಾಪ್ಲ್ಸ್ ಉಂಟಲ್ಲ? ಮ್ಯಾಪ್‌ಮೈಇಂಡಿಯಾದವರದ್ದು. 1995ರಿಂದ ನಕ್ಷೆ ಮಾಡುತ್ತಿದ್ದಾರೆ. ಹಂಪು, ಗುಂಡಿ ಮೊದಲೇ ಹೇಳುತ್ತದೆ. ಜಂಕ್ಷನ್ ಬರುವಾಗ ರಸ್ತೆಯ ಚಿತ್ರವನ್ನೇ ಬಿಡಿಸಿ ತೋರಿಸುತ್ತದೆ. ನಾನು ಮೈಸೂರು ದಾರಿಯಲ್ಲಿ ಅದನ್ನೇ ಹಾಕುವುದು.

ಅಂದ ಹಾಗೆ ಮಾಷ್ಟ್ರೇ, ಟಾಯ್ಲೆಟ್ ಯಾವ ನಮೂನೆಯದ್ದು ಹಾಕಿಸಿದ್ದೀರಿ? ಕ್ಯಾಸೆಟ್ ನಮೂನೆಯದ್ದಾ?

ಬದಿಯಡ್ಕ ಮಾಷ್ಟ್ರು:

ಕ್ಯಾಸೆಟ್ಟೇ. ಖಾಲಿ ಮಾಡುವ ಸರದಿ ಯಾರದ್ದು ಎಂಬ ವಿಷಯದಲ್ಲಿ ಮನೆಯಲ್ಲಿ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ.

ವೈರಿಂಗ್ ಅಣ್ಣ:

ಆಂಡ್ರಾಯ್ಡ್ ಸ್ಟೀರಿಯೊ ಬಗ್ಗೆ ಹೇಳುತ್ತೇನೆ ಎಂದಿದ್ದೆ.

ದಿನಕ್ಕೆ ಒಂದಾದರೂ ಸ್ಟೀರಿಯೊ ಹಾಕುತ್ತೇನೆ, ಆದರೂ ಮಾಷ್ಟ್ರಿಗೆ ಅದು ಬೇಡ ಎನ್ನುತ್ತೇನೆ. ಕಡಿಮೆ ಬೆಲೆಯದ್ದರಲ್ಲಿ ರ‍್ಯಾಮ್ ಎಷ್ಟು ಎಂದು ಪೆಟ್ಟಿಗೆಯ ಮೇಲೆ ಬರೆದದ್ದಕ್ಕೂ ಒಳಗೆ ಇರುವುದಕ್ಕೂ ಸಂಬಂಧ ಇರುವುದಿಲ್ಲ. ಎರಡು ವರ್ಷದಲ್ಲಿ ಎಮ್ಮೆಯ ಹಾಗೆ ನಿಧಾನ ಆಗುತ್ತದೆ. ಇನ್ನೊಂದು, ಅದರ ಜಿಪಿಎಸ್ ಆಂಟೆನಾ ಒಂದು ವಯರಿನ ತುದಿಯಲ್ಲಿ ಬೇರೆಯೇ ಇರುತ್ತದೆ. ಅದನ್ನು ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ, ಆಕಾಶ ಕಾಣುವ ಹಾಗೆ ಅಂಟಿಸಬೇಕು. ಅವಸರದಲ್ಲಿ ಸ್ಟೀರಿಯೊದ ಹಿಂದೆಯೇ ಸುತ್ತಿ ತುರುಕುವವರು ಇದ್ದಾರೆ. ಮೇಲೆ ಕಬ್ಬಿಣ, ಸುತ್ತ ವಯರು. ಆಮೇಲೆ ಗಿರಾಕಿ ‘ಜಿಪಿಎಸ್ ಹಾಳು’ ಎಂದು ಬರುತ್ತಾರೆ. ಆಂಟೆನಾ ಹೊರಗೆಳೆದು ಕೊಟ್ಟರೆ ಸರಿ. ಇದಕ್ಕೆ ನಾನು ದುಡ್ಡೂ ತಗೊಳ್ಳುವುದಿಲ್ಲ, ಒಂದು ಸೋಡಾ ಸಾಕು.

ಟ್ಯಾಬ್ ತಗೊಳ್ಳಿ. ಆದರೆ ಸಿಮ್ ಹಾಕುವ ಟ್ಯಾಬ್. ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ಸೇ ಇಲ್ಲ. ವೈಫೈ ಮಾತ್ರದ ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಕೆಲವಕ್ಕೆ ಉಂಟು, ಕೆಲವಕ್ಕೆ ಇಲ್ಲ. ಕೊಳ್ಳುವ ಮೊದಲು ಅಂಗಡಿಯ ಹೊರಗೆ ತಂದು, ನೆಟ್ ಆಫ್ ಮಾಡಿ, ಚುಕ್ಕೆ ಕೂರುತ್ತದಾ ನೋಡಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಬೇರೆ ಅಂಗಡಿ.

ಮತ್ತೆ ಬಿಸಿ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಟ್ರಾವೆಲರಿನ ಮುಂದಿನ ಗಾಜು ದೊಡ್ಡದು, ಮಾರ್ಚ್ ಏಪ್ರಿಲ್ ಬಿಸಿಲು ನೇರ ಬೀಳುತ್ತದೆ. ಚಾರ್ಜ್ ಆಗುತ್ತಾ, ನಕ್ಷೆ ಓಡುತ್ತಾ, ಬಿಸಿಲಲ್ಲಿ ಕೂತ ಮೊಬೈಲು ಮೊದಲು ಸ್ಕ್ರೀನ್ ಮಂಕು ಮಾಡುತ್ತದೆ, ಆಮೇಲೆ ಚಾರ್ಜ್ ನಿಲ್ಲಿಸುತ್ತದೆ, ಆಮೇಲೆ ತಾನೇ ಆಫ್. ಸರಿಯಾಗಿ ತಿರುವು ಬರುವಾಗ. ಗಾಜಿಗೆ ಅಂಟುವ ರಬ್ಬರ್ ಹೋಲ್ಡರೂ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹಾಕಿದ ಸ್ಟ್ಯಾಂಡ್ ಮಾಡಿಸಿ, ಎಸಿ ಗಾಳಿ ಬರುವ ಕಡೆ. ನಿಜ ಹೇಳಬೇಕೆಂದರೆ ಕಂಪನಿಯ ಜಿಪಿಎಸ್ ಡಬ್ಬಿ ಇದರಲ್ಲಿ ಗೆಲ್ಲುತ್ತದೆ, ಅದನ್ನು ಬಿಸಿಲಲ್ಲಿ ಕೂರಲೆಂದೇ ಮಾಡಿರುತ್ತಾರೆ.

ಉಪ್ಪಳ ಲಾರಿ:

ಮೊಬೈಲ್ ಎದುರಿಗೆ ಇಟ್ಟರೆ ಪೊಲೀಸರು ಹಿಡಿಯುವುದಿಲ್ಲವಾ?

ವೈರಿಂಗ್ ಅಣ್ಣ:

ದಾರಿ ನೋಡಲು ಆಗುತ್ತದೆ. 2020ರ ಅಕ್ಟೋಬರಿನಿಂದ ಕೇಂದ್ರದ ನಿಯಮದಲ್ಲೇ ಅದಕ್ಕೆ ಅವಕಾಶ ಉಂಟು, ಗಮನ ತಪ್ಪದ ಹಾಗೆ ಬಳಸಬೇಕು ಅಷ್ಟೇ. ಕೈಯಲ್ಲಿ ಹಿಡಿದು ಮಾತಾಡಿದರೆ ದಂಡ.

ಪೆರ್ಲದ ಅಕ್ಕ:

ನಾನು ಓಡಿಸುವವಳಲ್ಲ, ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವವಳು. ನನ್ನ ಅನುಭವದಲ್ಲಿ ಅರ್ಧ ತೊಂದರೆ ಊರಿನ ಹೆಸರಿನದ್ದು.

ನಾವು ಮಂಜೇಶ್ವರ ಎನ್ನುತ್ತೇವೆ, ನಕ್ಷೆಯಲ್ಲಿ ಮಂಜೇಶ್ವರಂ. ನಮಗೆ ಕುಂಬಳೆ, ಅದಕ್ಕೆ ಕುಂಬ್ಳ. ಬೇಡಡ್ಕ ಎಂದು ಹುಡುಕಿದರೆ ಬೇಡಗಂ ಎಂದು ಗೊತ್ತಿರಬೇಕು. ಕಾರಡ್ಕ ಹೋಗಿ ಕಾಡಗಂ. ಹೊಸದುರ್ಗ ಎಂದು ಒತ್ತಿದರೆ ನೇರ ಚಿತ್ರದುರ್ಗ ಜಿಲ್ಲೆಗೆ ಕರೆದುಕೊಂಡು ಹೋಗುತ್ತದೆ, ನಮ್ಮ ಕಾಞಂಗಾಡಿನ ಹೊಸದುರ್ಗ ಅದಕ್ಕೆ ಗೊತ್ತೇ ಇಲ್ಲ. ಒಮ್ಮೆ ನಮ್ಮ ಯಜಮಾನರು ನೋಡದೆ ಹೊರಟು ಮುಡಿಪುವಿನ ಹತ್ತಿರ ‘ಇನ್ನೂ ಇಷ್ಟು ದೂರ ಯಾಕೆ’ ಎಂದರು. ಕನ್ನಡದ ಹೆಸರುಗಳು ಮಲಯಾಳವಾದ ಸಿಟ್ಟು ಬೇರೆ ವಿಷಯ, ಇಲ್ಲಿ ತೆಗೆದರೆ ಚರ್ಚೆ ನಾಳೆಯೂ ಮುಗಿಯುವುದಿಲ್ಲ.

ಹಾಗಾಗಿ ನಾನು ಹೆಸರು ಹಾಕುವುದನ್ನೇ ಬಿಟ್ಟಿದ್ದೇನೆ. ಹೋಗುವ ಮನೆಯವರಿಂದ ಲೊಕೇಶನ್ ತರಿಸುತ್ತೇನೆ. ಈಗ ಅಂಚೆಯವರ ಡಿಜಿಪಿನ್ ಬಂದಿದೆಯಲ್ಲ, 2025ರ ಮೇಯಲ್ಲಿ, ಹತ್ತು ಅಕ್ಷರ. ನಾಲ್ಕು ಮೀಟರ್ ಚೌಕದ ಮಟ್ಟಿಗೆ ಜಾಗ ಹೇಳುತ್ತದೆ. ಬಾವಿಕಟ್ಟೆಗೆ ಒಂದು, ಜಗಲಿಗೆ ಒಂದು! ಅಕ್ಷಾಂಶ ರೇಖಾಂಶ ಹಾಕುವವರು ದಶಮಾಂಶದಲ್ಲಿ ಹಾಕಿ. ಡಿಗ್ರಿ ಮಿನಿಟಿನದ್ದನ್ನು ಚುಕ್ಕೆ ಇಟ್ಟು ಬರೆದರೆ ಊರೇ ಬದಲಾಗುತ್ತದೆ.

ಧ್ವನಿ ಕನ್ನಡದಲ್ಲಿ ಇಡಿ ಮಾಷ್ಟ್ರೇ. ಗೂಗಲ್‌ನಲ್ಲಿ 2018ರಿಂದ ಉಂಟು. ಮೊದಲು ನಗು ಬರುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ.

ಮಡಿಕೇರಿ99:

ಹೈವೇಯದ್ದು ಯಾರೂ ಹೇಳಲಿಲ್ಲ. ಹೊಸ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನನಗೆ ತಲೆಯೇ ಕೆಟ್ಟಿತು. ನಾನು ಸರ್ವಿಸ್ ರಸ್ತೆಯಲ್ಲಿದ್ದೇನೆ, ನಕ್ಷೆ ನಾನು ಮೇಲೆ ಇದ್ದೇನೆ ಎನ್ನುತ್ತದೆ. ‘ನೇರ ಹೋಗಿ’ ಎನ್ನುತ್ತದೆ, ನೇರ ಮಣ್ಣಿನ ದಿಬ್ಬ.

ನಕ್ಷೆ ಹುಳ:

ಇದು ಯಾವ ಸಾಧನ ಕೊಂಡರೂ ಪೂರ್ತಿ ಹೋಗದ ರೋಗ. ತೆರೆದ ಆಕಾಶದ ಕೆಳಗೆ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರಿನಲ್ಲಿ ಮುಖ್ಯ ರಸ್ತೆಗೂ ಸರ್ವಿಸ್ ರಸ್ತೆಗೂ ನಡುವೆ ಎಷ್ಟೋ ಕಡೆ ಒಂದು ಗೋಡೆ ಮಾತ್ರ. ಯಾವುದರ ಮೇಲೆ ಇದ್ದೀರಿ ಎಂದು ಅದು ಊಹೆ ಮಾಡುತ್ತದೆ. ಕಾಸರಗೋಡು ಪೇಟೆಯ ಒಂಟಿ ಕಂಬದ ಫ್ಲೈಓವರಿನಲ್ಲಂತೂ ಕೆಳಗೆ ಒಂದು ರಸ್ತೆ, ತಲೆಯ ಮೇಲೆ ಇನ್ನೊಂದು. ಮೇಲಿನಿಂದ ನೋಡಿದರೆ ಎರಡೂ ಒಂದೇ ಜಾಗ. ಉಪಗ್ರಹದ ಎರಡು ಫ್ರೀಕ್ವೆನ್ಸಿ ಹಿಡಿಯುವ ಮೊಬೈಲು ಸ್ವಲ್ಪ ಒಳ್ಳೆಯದು, ಅಷ್ಟೇ.

ಉಪ್ಪಳ ಲಾರಿ:

ಅದಕ್ಕೇ ಹೇಳುವುದು, ಬೋರ್ಡು ನೋಡಿ. ಇಳಿಯುವ ಜಾಗ ತಪ್ಪಿದರೆ ಮುಂದಿನ ತಿರುವಿನವರೆಗೆ ಹೋಗಿ ಬನ್ನಿ, ರಾಂಗ್ ಸೈಡು ಬೇಡ. ಅಂಡರ್‌ಪಾಸ್ ಎಲ್ಲ ಒಂದೇ ಎತ್ತರ ಅಲ್ಲ. ಬಸ್ಸಿಗೆ ಮಾಡಿದ್ದು ಬೇರೆ, ಕಾರಿಗೆ ಮಾಡಿದ್ದು ಬೇರೆ, ಜನ ದಾಟಲು ಮಾಡಿದ್ದು ಬೇರೆ. ದೂರದಿಂದ ಮೂರೂ ಒಂದೇ ರೀತಿ ಕಾಣುತ್ತದೆ.

ಇನ್ನೊಂದು ಗುಟ್ಟು. ಹಳೆಯ ರೈಲ್ವೆ ಸೇತುವೆಯ ಬೋರ್ಡನ್ನು ಪೂರ್ತಿ ನಂಬಬೇಡಿ. ಬೋರ್ಡು ಹಾಕಿದ ಮೇಲೆ ಎರಡು ಸಲ ಡಾಮರು ಬಿದ್ದಿರುತ್ತದೆ. ರಸ್ತೆ ಎದ್ದಿದೆ, ಸೇತುವೆ ಎದ್ದಿಲ್ಲ. ಬೋರ್ಡಿನ ಅಕ್ಷರ ಅದೇ. ನಾನು ಒಂದು ಗೇಣು ಬಿಟ್ಟೇ ಲೆಕ್ಕ ಹಾಕುವುದು.

ಮತ್ತೆ ಯಾವ ಉಪಗ್ರಹಕ್ಕೂ ಕಾಣದ್ದು ಕೆಲವು ಉಂಟು. ಜಾತ್ರೆಯ ಕಮಾನು, ಚುನಾವಣೆಯ ಬ್ಯಾನರ್ ಹಗ್ಗ, ಜೋತು ಬಿದ್ದ ಕೇಬಲ್ ವಯರು. ನಿಮ್ಮ ಸೋಲಾರ್ ಪ್ಯಾನೆಲ್ ಕೇಬಲನ್ನು ಎಳೆದರೆ ಇಡೀ ಊರಿನ ಸೀರಿಯಲ್ ನಿಲ್ಲುತ್ತದೆ. ಆಗ ನೀವು ಮಾಷ್ಟ್ರು ಎಂದು ಯಾರೂ ಬಿಡುವುದಿಲ್ಲ.

ಪೆರ್ಲದ ಅಕ್ಕ:

ಮಾಷ್ಟ್ರೇ, 2.9 ಮೀಟರ್ ಎಂದು ಬರೆದಿದ್ದೀರಲ್ಲ, ಅದು ಅಳೆದದ್ದಾ, ಪೇಪರಿನದ್ದಾ?

ಬದಿಯಡ್ಕ ಮಾಷ್ಟ್ರು:

ಅಳೆದದ್ದು ಅಕ್ಕ. ಗಣಿತ ಕಲಿಸಿದವನು ನಾನು. ಶಾಲೆಯ ಅಂಗಳದಲ್ಲಿ ಸಮ ಜಾಗ ನೋಡಿ ನಿಲ್ಲಿಸಿ, ಫ್ಯಾನಿನ ಮುಚ್ಚಳದ ಮೇಲೆ ನೇರ ರೀಪು ಇಟ್ಟು, ರಸಮಟ್ಟ ನೋಡಿ, ತುದಿಯಿಂದ ಟೇಪು ಇಳಿಸಿದೆ. ಟ್ಯಾಂಕ್ ಖಾಲಿ ಇರುವಾಗ ಒಮ್ಮೆ, ತುಂಬಿಸಿ ಒಮ್ಮೆ. ಖಾಲಿ ಇರುವಾಗ ಸ್ಪ್ರಿಂಗ್ ಎದ್ದು ಎತ್ತರ ಜಾಸ್ತಿ, ಅದನ್ನೇ ಹಿಡಿದಿದ್ದೇನೆ. ಅಗಲ ಕನ್ನಡಿಯಿಂದ ಕನ್ನಡಿಗೆ ಅಳೆದೆ.

ಉಪ್ಪಳ ಲಾರಿ:

ಆಹಾ. ಇದು ಕೆಲಸ.

ಫ್ರಾಂಕ್‌ಫರ್ಟಿನ ಕುಂಬಳೆಯವ:

ಅದನ್ನು ಚೀಟಿ ಬರೆದು ಸ್ಟೇರಿಂಗ್ ಎದುರು ಅಂಟಿಸಿ. ಇಲ್ಲಿ ಬಾಡಿಗೆ ಗಾಡಿಗಳಲ್ಲಿ ಹಾಗೆ ಮಾಡಿರುತ್ತಾರೆ. ಸೇತುವೆ ಎದುರಿಗೆ ಬಂದಾಗ ನೆನಪು ಕೈಕೊಡುತ್ತದೆ.

ಒಂದು ಎಚ್ಚರಿಕೆಯೂ ಹೇಳಿಬಿಡುತ್ತೇನೆ, ವಿದೇಶದಿಂದ ತರಿಸುವವರು ಇಲ್ಲಿ ಯಾರಾದರೂ ಓದುತ್ತಿದ್ದರೆ. ದಾರಿ ತೋರಿಸುವ ಜಿಪಿಎಸ್ ತರಬಹುದು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ತರಬೇಡಿ. ಭಾರತದಲ್ಲಿ ಅದಕ್ಕೆ ಅನುಮತಿ ಬೇಕು, ಇಲ್ಲದೆ ತಂದವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ನೋಡಲು ಎರಡೂ ಒಂದೇ ಅಂಗಡಿಯ ಸಾಮಾನು.

ಬದಿಯಡ್ಕ ಮಾಷ್ಟ್ರು:

ಟ್ಯಾಬ್ ಎಂದು ತೀರ್ಮಾನ ಮಾಡಿದೆ. ಬರುವ ವಾರ ಮೈಸೂರು, ಗುಂಡ್ಲುಪೇಟೆ, ಊಟಿ. ಘಟ್ಟದ ಬಗ್ಗೆ ಏನಾದರೂ ಹೇಳುವುದು ಉಂಟಾ?

ಉಪ್ಪಳ ಲಾರಿ:

ಉಂಟು. ಮುಳ್ಳೇರಿಯ, ಆದೂರು, ಜಾಲ್ಸೂರು ಮೇಲೆ ಹೋಗಿ ಸಂಪಾಜೆ ಹತ್ತಿ. ಕಾಞಂಗಾಡು ಕಡೆಯಿಂದ ಬರುವಾಗ ಪಾಣತ್ತೂರು, ಕರಿಕೆ, ಭಾಗಮಂಡಲದ ದಾರಿಯನ್ನು ನಕ್ಷೆ ತೋರಿಸುತ್ತದೆ. ಜೀಪಿಗೆ ಚಂದ. ನಿಮಗಲ್ಲ. ಎದುರಿಗೆ ಒಂದು ಗಾಡಿ ಬಂದರೆ ಮತ್ತೆ ಮನೆಯವರ ಗಂಟಲು ಕೂರುತ್ತದೆ.

ಬಂಡೀಪುರ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಮಾನಂದವಾಡಿಯಿಂದ ಬಾವಲಿ ಮೇಲೆ ಬರುವ ದಾರಿ ಸಂಜೆ 6ಕ್ಕೇ ಬಂದ್. ನಕ್ಷೆ ತಲುಪುವ ಸಮಯ ಹೇಳುತ್ತದೆ, ಗೇಟು ಹಾಕುವ ಸಮಯಕ್ಕೆ ಅದನ್ನು ಹೊಂದಿಸಿಕೊಳ್ಳುವುದು ನಿಮ್ಮ ಕೆಲಸ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತಿರ ಎಂದು ತೋರಿಸಿದರೂ ಬೇಡ, ಗೂಡಲೂರು ಮೇಲೆ ಹೋಗಿ. ಊಟಿಗೆ ಇ-ಪಾಸ್ ಬೇಕು, 2024ರ ಮೇಯಿಂದ ಶುರುವಾದದ್ದು. ಮಳೆಗಾಲದಲ್ಲಿ ಆದರೆ ಯಾವ ಘಟ್ಟ ಯಾವ ಗಾಡಿಗೆ ತೆರೆದಿದೆ ಎಂದು ಆ ದಿನದ ಪೇಪರೇ ನೋಡಬೇಕು.

ಬದಿಯಡ್ಕ ಮಾಷ್ಟ್ರು, ಹದಿನೈದು ದಿನದ ನಂತರ:

ಹೋಗಿ ಬಂದೆವು. ಹೇಗಾಯಿತು ಎಂದು ಬರೆಯಬೇಕಲ್ಲ.

ಸಿಮ್ ಹಾಕುವ 8 ಇಂಚಿನ ಟ್ಯಾಬ್ ಕೊಂಡೆ. ಅಂಗಡಿಯ ಹೊರಗೆ ತಂದು ನೆಟ್ ಆಫ್ ಮಾಡಿ ನೋಡಿದೆ, ಒಂದು ನಿಮಿಷದೊಳಗೆ ಚುಕ್ಕೆ ಕೂತಿತು. ಸ್ಟ್ಯಾಂಡು, ಚಾರ್ಜರ್, ವಯರು ಎಲ್ಲ ಸೇರಿ 17 ಸಾವಿರದೊಳಗೆ ಮುಗಿಯಿತು. ಉಳಿದ ದುಡ್ಡಿಗೆ ಹಿಂದಿನ ಕ್ಯಾಮೆರಾ ಹಾಕಿಸಿದೆ. ಮನೆಯವರು ಹೇಳುವ ಪ್ರಕಾರ ಇಡೀ ಖರ್ಚಿನಲ್ಲಿ ಬುದ್ಧಿ ಇರುವ ಖರ್ಚು ಅದೊಂದೇ.

ಓಸ್ಮ್‌ಆ್ಯಂಡ್‌ನಲ್ಲಿ ಎತ್ತರ 3.1 ಎಂದು ಹಾಕಿದೆ, ಉಪ್ಪಳದಣ್ಣನ ಗೇಣು ಸೇರಿಸಿ. ಪಕ್ಕದಲ್ಲಿ ಮನೆಯವರ ಮೊಬೈಲಿನಲ್ಲಿ ಗೂಗಲ್, ಟ್ರಾಫಿಕ್ ನೋಡಲು. ಎರಡೂ ಒಂದೇ ದಾರಿ ಹೇಳಿದರೆ ಸುಮ್ನೆ ಹೋದೆವು. ಬೇರೆ ಬೇರೆ ಹೇಳಿದರೆ ನಿಲ್ಲಿಸಿ ಕೇಳಿದೆವು. ಐದು ದಿನದಲ್ಲಿ ಮೂರು ಸಲ ಹಾಗಾಯಿತು, ಮೂರು ಸಲವೂ ಚಹಾ ಕುಡಿದೆವು. ‘ಬಸ್ಸು ಹೋಗುತ್ತದಾ’ ಎಂದೇ ಕೇಳಿದೆ. ಒಂದು ಕಡೆ ‘ಬಸ್ಸು ಹೋಗುತ್ತದೆ, ಆದರೆ ಡ್ರೈವರ್ ಈ ಊರಿನವನು’ ಎಂದರು. ಅರ್ಥ ಮಾಡಿಕೊಂಡು ವಾಪಸ್ ತಿರುಗಿಸಿದೆ.

ಗುಂಡ್ಲುಪೇಟೆಗೆ ಬರುವಾಗ ಎಂಟೂಕಾಲು. ಗೂಗಲ್ ‘ಗೂಡಲೂರಿಗೆ ಹೋಗಿ’ ಎನ್ನುತ್ತಲೇ ಇತ್ತು. ಹೋಗಿದ್ದರೆ ಗೇಟು ಹಾಕುವ ಹೊತ್ತಿಗೆ ಕಾಡಿನ ನಡುವೆ ಇರುತ್ತಿದ್ದೆವು. ಒಂದು ಪೆಟ್ರೋಲ್ ಬಂಕಿನಲ್ಲಿ ಕೇಳಿಕೊಂಡು ಅಲ್ಲೇ ಮಲಗಿದೆವು, ಬೆಳಿಗ್ಗೆ ಆರಕ್ಕೆ ಹೊರಟೆವು. ಮೇಲುಕಾಮನಹಳ್ಳಿ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲೇ ಆನೆ. ಮನೆಯವರು ಫೋಟೊ ತೆಗೆಯಲು ಮೊಬೈಲ್ ಎತ್ತಿಕೊಂಡರು, ಆಗ ಗೂಗಲ್ ಕಡೆಯವರು ಮೌನ.

ಬರುವಾಗ ಮಡಿಕೇರಿಯಲ್ಲಿ ಟ್ಯಾಬೂ ಕರಿಕೆ ದಾರಿಯನ್ನೇ ತೋರಿಸಿತು. ಎತ್ತರ ಅಗಲ ಎಲ್ಲ ಹಾಕಿದ ಮೇಲೂ! ನಕ್ಷೆ ಹುಳ ಹೇಳಿದ ‘ಖಾಲಿ ಜಾಗ ಹಸಿರು ನಿಶಾನೆ’ ಎಂಬುದು ಆಗ ಕಣ್ಣಿಗೆ ಕಂಡಿತು. ಸಂಪಾಜೆಯಲ್ಲೇ ಇಳಿದೆ.

ಅದಕ್ಕೇ ಮನೆಗೆ ಬಂದ ಮರುದಿನ ಒಂದು ಕೆಲಸ ಮಾಡಿದೆ. ನಮ್ಮ ಮನೆಯ ಹತ್ತಿರದ ದೇವಸ್ಥಾನದ ದಾರಿಗೆ ಕಾಂಕ್ರೀಟಿನ ಕಮಾನು ಉಂಟು. ಟೇಪು ಹಿಡಿದು ಅಳೆದೆ, ಒಬ್ಬ ಹುಡುಗನನ್ನು ಏಣಿ ಹತ್ತಿಸಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ಎತ್ತರ ಬರೆದೆ. ತೋಟದ ಗೇಟಿನ ದಾರಿಗೂ ಅಗಲ ಬರೆದೆ, ಅದು ಮುಂದೆ ಖಾಸಗಿ ಎಂದೂ ಹಾಕಿದೆ. ಹಳೆಯ ಸೇಡು.

ನಕ್ಷೆ ಹುಳ:

ನೋಡಿದೆ ಮಾಷ್ಟ್ರೇ, ತುಂಬಾ ಖುಷಿಯಾಯಿತು. ಬೇರೆ ನಕ್ಷೆ ನೋಡಿ ನಕಲು ಮಾಡದೆ ಜಾಗಕ್ಕೇ ಹೋಗಿ ಅಳೆದು ಬರೆದಿದ್ದೀರಿ, ಹಾಗೆಯೇ ಮಾಡಬೇಕು. ಗೇಟಿನ ದಾರಿ ಸರಿ ಉಂಟು.

ಕಮಾನಿಗೆ ಮಾತ್ರ 34 ಮೀಟರ್ ಎಂದು ಬರೆದಿದ್ದೀರಿ.

ಬದಿಯಡ್ಕ ಮಾಷ್ಟ್ರು:

3.4. ಚುಕ್ಕೆ ಬಿಟ್ಟುಹೋಗಿದೆ. ಯಾರಾದರೂ ನೋಡುವ ಮೊದಲು ಸರಿ ಮಾಡಿ ಮಾರಾಯ್ರೆ, ನನ್ನ ವಿದ್ಯಾರ್ಥಿಗಳು ಇಲ್ಲಿ ಇದ್ದಾರೆ.

ವೈರಿಂಗ್ ಅಣ್ಣ:

ಒಬ್ಬ ನೋಡಿ ಆಯ್ತು ಮಾಷ್ಟ್ರೇ. ಎಂಟನೇ ಕ್ಲಾಸು, ‘ಬಿ’ ಡಿವಿಜನ್. ದಶಮಾಂಶದ ಚುಕ್ಕೆಗೆ ನೀವು ಕೊಟ್ಟ ಪೆಟ್ಟು ಇನ್ನೂ ನೆನಪುಂಟು.